ಎಣಿಕೆಯ ಪಾಠ

ಎಂಟನೆಯ ತರಗತಿಗೆ ಕಾಲಿಟ್ಟ ವರ್ಷ ಅಂಕಿಗಳ ನಡುವೆ ಅಕ್ಷರಗಳು ಬಂದು ಕುಳಿತವು. ಅದುವರೆಗೆ ಗಣಿತವೆಂದರೆ ಬಡ್ಡಿಯ ಲೆಕ್ಕ, ತೊಟ್ಟಿ ತುಂಬುವ ನಲ್ಲಿಯ ಲೆಕ್ಕ, ಕೂಲಿಯಾಳುಗಳ ಲೆಕ್ಕ. ಈಗ ‘ಎಕ್ಸ್’ ಎಂಬ ಗುರುತುಪರಿಚಯವಿಲ್ಲದ ಅತಿಥಿಯೊಬ್ಬನಿಗೆ ಮಣೆ ಹಾಕಬೇಕಾಯಿತು. ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಅದೇ ತರಗತಿಯಲ್ಲಿ ಓದುವ ನಾಲ್ಕೈದು ಮಕ್ಕಳಿದ್ದೆವು. ಎಲ್ಲರದೂ ಒಂದೇ ದೂರು. ಗೊತ್ತಿಲ್ಲದ ಸಂಖ್ಯೆಯನ್ನು ಗೊತ್ತಿರುವಂತೆ ಕೂಡುವುದು, ಕಳೆಯುವುದು ಎಂದರೇನು?

ಈ ತೊಡಕು ನಮ್ಮ ಪೂರ್ವಿಕರಿಗೂ ಎದುರಾಗಿದ್ದಿತು. 12ನೆಯ ಶತಮಾನದ ಭಾಸ್ಕರಾಚಾರ್ಯರ ಗ್ರಂಥದಲ್ಲಿ ಮೊದಲ ಅವ್ಯಕ್ತದ ಹೆಸರು ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳು ಬಂದಾಗ ಉಳಿದವಕ್ಕೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ‘ಎಷ್ಟೋ ಅಷ್ಟು’ ಎಂಬ ಈ ಸೊಗಸಾದ ಮಾತನ್ನು ಆ ದಿನಗಳಲ್ಲಿ ಯಾರಾದರೂ ನಮ್ಮ ಕಿವಿಯಲ್ಲಿ ಹಾಕಿದ್ದರೆ ಅರ್ಧ ಅಂಜಿಕೆ ಅಲ್ಲಿಯೇ ಕಳೆಯುತ್ತಿತ್ತೆಂದು ನನ್ನ ಎಣಿಕೆ.

ನನಗಾದರೋ ಬೀಜಗಣಿತದ ಬಾಗಿಲು ತೆರೆದದ್ದು ಅಜ್ಜಿಯ ಚೌಕಾಬಾರದಿಂದ. ಮಧ್ಯಾಹ್ನದ ಕೆಲಸ ಮುಗಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ನೆರೆಮನೆಯ ಹೆಂಗಸರೊಡನೆ ಅವರು ಆಟಕ್ಕೆ ಕುಳಿತುಕೊಳ್ಳುತ್ತಿದ್ದರು. ಕವಡೆಯಿಲ್ಲದಿದ್ದರೆ ಹುಣಸೆಬೀಜ, ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿದು ಮಾಡಿದರೆ ಸಾಕು. ನಾಲ್ಕು ಬೀಜಗಳನ್ನು ಉರುಳಿಸಿದಾಗ ಮೇಲಾದ ಬಿಳಿಯ ಮಗ್ಗುಲುಗಳಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು ಮನೆ. ಒಂದೂ ಬಿಳಿಯಾಗದಿದ್ದರೆ ಬಾರ, ಎಂಟು ಮನೆ. ಎರಡು ಮತ್ತೆ ಮತ್ತೆ ಬೀಳುವುದೂ ಬಾರ ಬೀಳದೆ ಸತಾಯಿಸುವುದೂ ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಕಾರಣ ಕೇಳಿದರೆ, “ಬಾರ ಬೀಳೋಕೆ ನಾಲ್ಕೂ ಒಪ್ಪಬೇಕು ಕಣೋ ಮಗು. ಎರಡು ಬೀಳೋಕೆ ಯಾವ ಎರಡಾದರೂ ಆಯಿತು” ಎಂದರು.

ಯಾವ ಎರಡಾದರೂ ಎಂದರೆ ಎಷ್ಟು ಬಗೆ? ಬೀಜಗಳಿಗೆ ಗುರುತು ಹಾಕಿ, ಸ್ಲೇಟಿನ ಮೇಲೆ ಬರೆಯುತ್ತ ಹೋದೆ. ಒಂದೊಂದು ಬೀಜಕ್ಕೂ ಎರಡು ಮಗ್ಗುಲು. ನಾಲ್ಕಕ್ಕೆ ಒಟ್ಟು 16 ಬಗೆ. ಅವುಗಳಲ್ಲಿ ಒಂದೂ ಬಿಳಿಯಿಲ್ಲದ್ದು 1, ಒಂದು ಬಿಳಿಯದು 4, ಎರಡು ಬಿಳಿಯದು 6, ಮೂರರದು 4, ನಾಲ್ಕರದು 1. ಎರಡು ಬೀಳುವ ಸಂಭವನೀಯತೆ ಹದಿನಾರರಲ್ಲಿ ಆರು, ಬಾರದ್ದು ಹದಿನಾರರಲ್ಲಿ ಒಂದು. ಬೀಜದ ಎರಡು ಮಗ್ಗುಲೂ ಸಮಾನವಾಗಿ ಬೀಳುತ್ತವೆಂದು ಇಲ್ಲಿ ಒಪ್ಪಿಕೊಂಡಿದ್ದೇವೆ. ನಿಜವಾದ ಬೀಜ, ಅದಕ್ಕೂ ಹೆಚ್ಚಾಗಿ ಕವಡೆ, ಅಷ್ಟು ನಿಷ್ಪಕ್ಷಪಾತಿಯಲ್ಲ. ಸಂದೇಹವಿದ್ದವರು ನೂರಾರು ಬಾರಿ ಉರುಳಿಸಿ, ಬರೆದಿಟ್ಟು ನೋಡಬಹುದು. ಮಳೆಗಾಲದ ರಜೆಗೆ ಇದು ಒಳ್ಳೆಯ ಕೆಲಸ.

ಸ್ವಲ್ಪ ದಿನಗಳಲ್ಲಿಯೇ ಈ ಹದಿನಾರು ನನಗೆ ಕನ್ನಡದ ತರಗತಿಯಲ್ಲಿ ಎದುರಾಯಿತು. ಪದ್ಯದ ಸಾಲಿಗೆ ಗುರುಲಘುಗಳ ಗುರುತು ಹಾಕುವುದನ್ನೇ ನಾವು ಪ್ರಸ್ತಾರ ಎನ್ನುತ್ತಿದ್ದೆವು. ಶಾಸ್ತ್ರದಲ್ಲಿ ಆ ಮಾತಿಗೆ ಇನ್ನೂ ದೊಡ್ಡ ಅರ್ಥವಿದೆಯೆಂದು ಪಂಡಿತರು ಹೇಳಿದರು: ಇಷ್ಟು ಅಕ್ಷರಗಳ ಪಾದದಲ್ಲಿ ಸಾಧ್ಯವಾದ ಎಲ್ಲ ವಿನ್ಯಾಸಗಳನ್ನೂ ಕ್ರಮವಾಗಿ ಹರಡಿ ತೋರಿಸುವುದು. ಮೊದಲು ಎಲ್ಲವೂ ಗುರು. ಮುಂದಿನ ಸಾಲಿನಲ್ಲಿ ಎಡದಿಂದ ಮೊದಲ ಗುರುವಿನ ಕೆಳಗೆ ಲಘು. ಅದರ ಬಲಕ್ಕೆ ಮೇಲಿದ್ದಂತೆಯೇ, ಎಡಕ್ಕೆ ಉಳಿದರೆ ಗುರು. ಹೀಗೆಯೇ ಇಳಿಯುತ್ತ ಎಲ್ಲವೂ ಲಘುವಾದಾಗ ಮುಕ್ತಾಯ. ಒಂದೂ ತಪ್ಪುವುದಿಲ್ಲ, ಒಂದೂ ಮರಳಿ ಬರುವುದಿಲ್ಲ. ಮೂರಕ್ಷರಕ್ಕೆ ಎಂಟು ಬಗೆ, ಅವೇ ನಾವು ಉರುಹಾಕಿದ ಎಂಟು ಅಕ್ಷರಗಣಗಳು. ನಾಲ್ಕಕ್ಷರಕ್ಕೆ ಹದಿನಾರು, ಅವುಗಳಲ್ಲಿ ಎರಡು ಗುರು, ಎರಡು ಲಘು ಉಳ್ಳವು ಮತ್ತೆ ಆರೇ! ಹುಣಸೆಬೀಜದ ಬಿಳಿಕಪ್ಪುಗಳಿಗೂ ಪದ್ಯದ ಗುರುಲಘುಗಳಿಗೂ ಎಣಿಕೆಯ ಮಟ್ಟಿಗೆ ಯಾವ ಭೇದವೂ ಇಲ್ಲ.

ಆಗ ಅಕ್ಷರಗಳ ಗುಟ್ಟು ಹೊಳೆಯಿತು. ‘ಗ’ ಮತ್ತು ‘ಲ’ ಎಂಬೆರಡನ್ನು ಕೂಡಿ, ಆ ಮೊತ್ತವನ್ನು ನಾಲ್ಕನೆಯ ಘಾತಕ್ಕೆ ಏರಿಸಿ ಬಿಡಿಸಿದರೆ ಪದಗಳ ಮುಂದೆ ನಿಲ್ಲುವ ಅಂಕಿಗಳು 1, 4, 6, 4, 1. ಹದಿನಾರು ಸಾಲಿನ ಪಟ್ಟಿಯನ್ನು ಬೀಜಗಣಿತ ಒಂದೇ ಸಾಲಿನಲ್ಲಿ ಮಡಿಸಿಟ್ಟಿತ್ತು. ಪಾಶ್ಚಾತ್ಯರು 17ನೆಯ ಶತಮಾನದ ಪಾಸ್ಕಲನ ಹೆಸರಿನಿಂದ ಕರೆಯುವ ಸಂಖ್ಯಾತ್ರಿಕೋನವನ್ನು 10ನೆಯ ಶತಮಾನದ ಹಲಾಯುಧ ಛಂದಸ್ಸಿಗಾಗಿಯೇ ‘ಮೇರು ಪ್ರಸ್ತಾರ’ವೆಂದು ವಿವರಿಸಿದ್ದನು.

ಪಟ್ಟಿ ಬರೆಯದೆಯೇ ಆರನ್ನು ಪಡೆಯುವ ಸೂತ್ರವೂ ನಮ್ಮ ನಾಡಿನಲ್ಲಿ ಹಳೆಯದು. ‘ಕವಿರಾಜಮಾರ್ಗ’ ಹುಟ್ಟಿದ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. 1912ರಲ್ಲಿ ಇದು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಹೊರಬಂದಿತು. ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸು ಎಂಬುದು ಅವರ ಸೂತ್ರದ ಸಾರ. ನಾಲ್ಕರಲ್ಲಿ ಎರಡನ್ನು ಆರಿಸಲು ನಾಲ್ಕು ಮೂರಲ ಹನ್ನೆರಡು. ಒಂದು ಎರಡಲ ಎರಡರಿಂದ ಭಾಗಿಸಿದರೆ ಆರು. ಅವರು ಕೊಡುವ ಉದಾಹರಣೆ ಅಡುಗೆಮನೆಗೆ ಹತ್ತಿರದ್ದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರಸಗಳ ಕೂಟಗಳೆಷ್ಟು? ಒಂದೊಂದಾಗಿ 6, ಎರಡೆರಡಾಗಿ 15, ಮೂರು ಮೂರಾಗಿ 20, ಮುಂದೆ 15, 6, 1, ಒಟ್ಟು 63.

ಸ್ಥಾನಸ್ಥಾನದ ಆಯ್ಕೆಗಳನ್ನು ಗುಣಿಸುವ ರುಚಿಯನ್ನು ಹತ್ತಿಸಿದ್ದು ಕಂದಪದ್ಯ. ನಾಲ್ಕು ಮಾತ್ರೆಯ ಗಣದಲ್ಲಿ ಐದು ಬಗೆ. ಕಂದದ ಅರ್ಧದಲ್ಲಿ ಎಂಟು ಗಣ. ವಿಷಮಸ್ಥಾನಗಳಲ್ಲಿ ಜಗಣ ಸಲ್ಲದಾದ್ದರಿಂದ ಅಲ್ಲಿ ನಾಲ್ಕೇ ಬಗೆ. ಆರನೆಯದು ಜಗಣ ಇಲ್ಲವೆ ಸರ್ವಲಘು. ಎಂಟನೆಯದು ಗುರುವಿನಲ್ಲಿ ಮುಗಿಯಬೇಕು. ಆ ಎರಡು ಕಡೆ ಎರಡೆರಡೇ ಬಗೆ. ಎರಡನೆಯ, ನಾಲ್ಕನೆಯ ಸ್ಥಾನಗಳಿಗೆ ಮಾತ್ರ ಐದೂ ಸಲ್ಲುತ್ತವೆ. ಎಲ್ಲವನ್ನೂ ಗುಣಿಸಿದರೆ 25,600. ಪ್ರಾಸದ ಕಟ್ಟಳೆಯನ್ನು ಬದಿಗಿಟ್ಟರೆ ಇಡೀ ಕಂದಕ್ಕೆ 65 ಕೋಟಿಗೂ ಮಿಕ್ಕ ವಿನ್ಯಾಸಗಳು! ಕವಿಗೆ ಕಟ್ಟಳೆ ಸೆರೆಮನೆ ಎನ್ನುವವರು ಒಮ್ಮೆ ಈ ಗುಣಾಕಾರವನ್ನು ಮಾಡಿ ನೋಡಬೇಕು.

ಈ ವಿದ್ಯೆಗೆ ಮನೆಯಲ್ಲಿಯೇ ಕೆಲಸ ಬೀಳುವುದೆಂದು ನಾನು ತಿಳಿದಿರಲಿಲ್ಲ. ನಮ್ಮ ಚಿಕ್ಕಪ್ಪನವರಿಗೆ ಲಾಟರಿಯ ಹುಚ್ಚು. ಸಂಬಳದ ದಿನ ನೆಟ್ಟಕಲ್ಲಪ್ಪ ವೃತ್ತದ ಕಡೆಯಿಂದ ಮನೆಗೆ ಬರುವಾಗ ಅವರ ಜೇಬಿನಲ್ಲಿ ಟಿಕೆಟ್ಟು ಇದ್ದೇ ಇರುತ್ತಿತ್ತು. ಒಂದು ವರ್ಷ ಯುಗಾದಿಯ ಬಂಪರ್ ಬಹುಮಾನ ಪ್ರಕಟವಾಯಿತು. ಅತ್ತೆಯ ಮದುವೆಗೆಂದು ಅಜ್ಜಿ ಪೆಟ್ಟಿಗೆಯಲ್ಲಿಟ್ಟಿದ್ದ ಅವಲಕ್ಕಿ ಸರವನ್ನು ಒತ್ತೆಯಿಟ್ಟು ಟಿಕೆಟ್ಟುಗಳನ್ನು ಕಟ್ಟುಗಟ್ಟಲೆ ಕೊಳ್ಳೋಣವೆಂದು ಚಿಕ್ಕಪ್ಪ ಹಟ ಹಿಡಿದರು. “ನಾಲ್ಕು ವರ್ಷದಿಂದ ಬಂದಿಲ್ಲಮ್ಮ, ಈ ಸಲ ಬರಲೇಬೇಕು. ಹೋದ ತಿಂಗಳು ಒಂದೇ ಒಂದು ಅಂಕಿಯಲ್ಲಿ ತಪ್ಪಿತು.”

ಅಜ್ಜಿ ಸರವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. “ಹತ್ತು ಸಲ ಬಾರ ಬೀಳಲಿಲ್ಲ ಅಂತ ಹನ್ನೊಂದನೇ ಸಲ ಬೀಜಕ್ಕೆ ಕನಿಕರ ಬರುತ್ತೇನೋ?” ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, “ನೀನು ಲೆಕ್ಕ ಹಾಕಿ ಹೇಳು ಇವನಿಗೆ” ಎಂದರು.

ಆರು ಅಂಕಿಯ ಟಿಕೆಟ್ಟು. ಒಂದೊಂದು ಸ್ಥಾನಕ್ಕೆ ಹತ್ತು ಅಂಕಿ. ಒಟ್ಟು ಹತ್ತು ಲಕ್ಷ ಸಂಖ್ಯೆಗಳು. ಗೆದ್ದ ಸಂಖ್ಯೆಗಿಂತ ಒಂದೇ ಅಂಕಿಯಲ್ಲಿ ಬೇರೆಯಾದವು ಎಷ್ಟು? ಆರು ಸ್ಥಾನ, ಒಂದೊಂದರಲ್ಲೂ ಒಂಬತ್ತು ಬದಲಾವಣೆ: 54. ಸ್ವಲ್ಪದರಲ್ಲಿ ತಪ್ಪಿತೆಂದು ಹಣೆ ಚಚ್ಚಿಕೊಳ್ಳುವವರು ಪ್ರತಿ ಸಲವೂ ಐವತ್ತನಾಲ್ಕು ಮಂದಿ ಇರಬಹುದೆಂದು ನಾನು ಹೇಳಿದೆ. ಚಿಕ್ಕಪ್ಪ ಜಗ್ಗಲಿಲ್ಲ. “ಹೆಚ್ಚು ಟಿಕೆಟ್ಟು ಕೊಂಡರೆ ಅದೃಷ್ಟವೂ ಹೆಚ್ಚುತ್ತದಲ್ಲವೆ?” ಎಂದರು. ಅದು ನಿಜವೇ.

“ಹಾಗಾದರೆ ಹತ್ತು ಲಕ್ಷವನ್ನೂ ನೀವೇ ಕೊಂಡುಬಿಡಿ ಚಿಕ್ಕಪ್ಪ” ಎಂದೆ. ಟಿಕೆಟ್ಟಿಗೆ ಎರಡು ರೂಪಾಯಿಯಂತೆ ಇಪ್ಪತ್ತು ಲಕ್ಷ ರೂಪಾಯಿ. ಮೊದಲ ಬಹುಮಾನದಿಂದ ಕೊನೆಯದರವರೆಗೆ ಎಲ್ಲವೂ ನಮಗೇ, ಸಂಶಯವಿಲ್ಲ. ಟಿಕೆಟ್ಟಿನ ಹಿಂಬದಿಯಲ್ಲಿ ಅಚ್ಚಾಗಿದ್ದ ಬಹುಮಾನಗಳನ್ನು ಚಿಕ್ಕಪ್ಪ ತಾವೇ ಪೆನ್ಸಿಲು ಹಿಡಿದು ಕೂಡಿದರು, ಮತ್ತೊಮ್ಮೆ ಕೂಡಿದರು. ಮೊತ್ತ ಇಪ್ಪತ್ತು ಲಕ್ಷದ ಹತ್ತಿರಕ್ಕೂ ಬರಲಿಲ್ಲ. ಅಚ್ಚಿನ ಖರ್ಚು, ಮಾರುವವನ ಕಮಿಷನ್, ನಡೆಸುವವರ ಲಾಭ ಇವೆಲ್ಲ ಆ ಅಂತರದಿಂದಲೇ ಹುಟ್ಟಬೇಕಷ್ಟೆ. ಅವರು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದರು. ಅಜ್ಜಿ ಎದ್ದು ಸರವನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಮರುವರ್ಷ ಅತ್ತೆ ಅದನ್ನು ಹಾಕಿಕೊಂಡು ಹಸೆಗೆ ಕುಳಿತರು.

2007ರಲ್ಲಿ ರಾಜ್ಯದಲ್ಲಿ ಲಾಟರಿ ಮಾರಾಟವೇ ನಿಷೇಧವಾಯಿತು. ಅಲ್ಲಿಯವರೆಗೂ ಚಿಕ್ಕಪ್ಪ ತಿಂಗಳಿಗೆ ಒಂದು ಟಿಕೆಟ್ಟನ್ನು, ಒಂದನ್ನು ಮಾತ್ರ, ಕೊಳ್ಳುತ್ತಲೇ ಇದ್ದರು. ಮೂವತ್ತು ದಿನ ಕನಸು ಕಾಣುವುದಕ್ಕೆ ಅಷ್ಟು ಕೊಟ್ಟರೆ ದುಬಾರಿಯೇನಲ್ಲ ಎನ್ನುತ್ತಿದ್ದರು. ಆ ಲೆಕ್ಕವನ್ನು ಮಾತ್ರ ಅವರು ನನ್ನ ಕೈಯಲ್ಲಿ ಮಾಡಿಸಲಿಲ್ಲ.