ಕೌದಿಯ ಗೋಡೆ

ಹಿಂದೆ ಹಾಡು ಮುದ್ರಣಗೊಳ್ಳಬೇಕಾದರೆ ಹಾಡುವವರೇ ಯಂತ್ರವಿದ್ದ ಊರಿಗೆ ಪ್ರಯಾಣ ಬೆಳೆಸಬೇಕಾಗಿತ್ತು. ಹಾನಗಲ್ಲನ್ನು ಹೆಸರಿನಲ್ಲಿಯೇ ಹೊತ್ತ ಗಂಗೂಬಾಯಿಯವರು 1930ರ ದಶಕದಲ್ಲಿ ಮುಂಬಯಿಗೆ ಹೋಗಿ ಹಾಡಿದರು. ಸುಮಾರು ಮೂರು ನಿಮಿಷಗಳಲ್ಲಿ ರಾಗ ಮುಗಿಯಬೇಕೆಂಬುದು ಅಂದಿನ ತಟ್ಟೆಯ ಕಟ್ಟಳೆ. ಇಂದು ಯಂತ್ರವೇ ಹಾನಗಲ್ಲಿಗೂ ಹಿರೇಕೆರೂರಿಗೂ ಬಂದು ಅಂಗೈಯಲ್ಲಿ ಕುಳಿತಿದೆ. ಇನ್ನು ಬೇಕಾದುದು ಒಂದು ಕೋಣೆ.

ಹತ್ತು ಅಡಿಯ ಕೋಣೆ ಸಾಕು. ಆದರೆ ಅದನ್ನು ಪೂರ್ತಿ ತೆರವು ಮಾಡಬಾರದು. ಬರಿಗೋಡೆಗೆ ಬಡಿದ ದನಿ ಚೆಂಡಿನಂತೆ ಪುಟಿದು ಬರುತ್ತದೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿರಿ: ಸದ್ದಿಗೊಂದು ಬಾಲ ಅಂಟಿಕೊಂಡಿದ್ದರೆ ಹಾಡಿಗೂ ಅದು ಅಂಟುವುದು. ಇದಕ್ಕೆ ಮದ್ದು ಮನೆಯಲ್ಲಿಯೇ ಇದೆ. ಹಾಸಿಗೆ, ಕಾಳಿನ ಚೀಲಗಳು ಇದ್ದಲ್ಲಿಯೇ ಇರಲಿ. ಹಳೆಯ ಸೀರೆಗಳನ್ನು ಪದರುಪದರಾಗಿ ಕೂಡಿಸಿ ಅಜ್ಜಿ ಹೊಲಿದ ಕೌದಿಯನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ತೂಗುಹಾಕಿದರೆ, ಪುಟಿಯುವ ದನಿಯನ್ನು ಅದು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಹೊರಗಿನ ಗದ್ದಲವನ್ನು ಮಾತ್ರ ಕೌದಿ ತಡೆಯಲಾರದು. ಅದಕ್ಕೆ ಬೆಳಗಿನ ಜಾವವೇ ಗತಿ. ಫ್ಯಾನು ನಿಲ್ಲಬೇಕು. ಮೈಕು ಬಾಯಿಂದ ಒಂದು ಗೇಣು ದೂರ, ಉಸಿರು ತಾಗದಂತೆ ತುಸು ಓರೆಯಾಗಿರಬೇಕು. ಸವಣೂರಿನ ಎಲೆಯಡಿಕೆ ಹಾಡು ಮುಗಿಯುವ ತನಕ ಕಾಯಬೇಕು!

ಎಡಿಸನ್ನನ ಯಂತ್ರ 1877ರಲ್ಲಿ ಹುಟ್ಟಿತು. ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರು 1889ರವರೆಗೆ ಬಾಳಿದರು. ಹನ್ನೆರಡು ವರ್ಷ ಯಂತ್ರವೂ ಕವಿಯೂ ಒಂದೇ ಲೋಕದಲ್ಲಿದ್ದರೂ ಪರಸ್ಪರ ಕಾಣಲಿಲ್ಲ. ಪದಗಳು ಜನರ ಬಾಯಲ್ಲಿ ಉಳಿದವು. ಆ ಕಂಠ ಉಳಿಯಲಿಲ್ಲ.

ಮನೆಯ ತರುಣರು ಆ ಕೋಣೆಯಲ್ಲಿ ತಮ್ಮ ಹಾಡನ್ನು ಹಾಡಿಕೊಳ್ಳಲಿ. ಆದರೆ ಮೊದಲ ಮಣೆ ಕೌದಿ ಹೊಲಿದವಳಿಗೆ ಸಲ್ಲಬೇಕು. ಹಿರೇಕೆರೂರಿನ ಸೀಮೆಯ ಸರ್ವಜ್ಞ ನುಡಿದ ತ್ರಿಪದಿಯ ಧಾಟಿಯಲ್ಲಿಯೇ ಅವಳ ಬೀಸುವ ಪದಗಳೂ ಇವೆ. ಹಿಟ್ಟಿನ ಗಿರಣಿ ಬಂದಮೇಲೆ ಅವುಗಳಿಗೆ ಹೊತ್ತೇ ಇಲ್ಲವಾಯಿತು. ಕೇಳಿದರೆ, "ನನಗೇನ ಬರತೈತೋ ತಮ್ಮಾ, ಎಲ್ಲಾ ಮರತೈತಿ" ಎಂದಾಳು. ಒತ್ತಾಯಿಸಬಾರದು. ಮೂಲೆ ಸೇರಿದ ಬೀಸುಕಲ್ಲನ್ನು ತಂದಿರಿಸಿ, ಒಂದು ಹಿಡಿ ಜೋಳ ಹಾಕಿಕೊಡಬೇಕು. ಕೈ ತಿರುಗತೊಡಗಿದರೆ ಬಾಯಿ ತಾನಾಗಿ ತೆರೆಯುತ್ತದೆ. ಕಲ್ಲಿನ ಗುಡುಗುಡು ಸದ್ದು ಮುದ್ರಣದಲ್ಲಿ ಬೆರೆತರೆ ಬೆರೆಯಲಿ. ಆ ಹಾಡಿಗೆ ಅದೇ ಶ್ರುತಿ.