ಮಾರ್ಚಿ ತಿಂಗಳ ಉಳಿತಾಯ

ಸಂಬಳವನ್ನೇ ನಂಬಿ ಸಂಸಾರ ನಡೆಯಿಸುವವರ ಮನೆಯಲ್ಲಿ ಮಾರ್ಚಿ ತಿಂಗಳೆಂದರೆ ಎರಡು ಪರೀಕ್ಷೆಗಳ ಕಾಲ. ಮಕ್ಕಳದು ಶಾಲೆಯಲ್ಲಿ, ಯಜಮಾನರದು ಕಚೇರಿಯಲ್ಲಿ, ವರಮಾನ ತೆರಿಗೆಯ ಲೆಕ್ಕದಲ್ಲಿ. ಈ ಎರಡನೆಯ ಪರೀಕ್ಷೆಯಲ್ಲಿ ನಾವು ಸೋತ ಬಗೆಯನ್ನು ವಾಚಕರ ಮುಂದಿಡಲು ಸಂಕೋಚವೇನೋ ಉಂಟು. ಆದರೆ ನಮ್ಮಂತೆಯೇ ಸೋತವರು ಇನ್ನೂ ಅನೇಕರಿರಬಹುದೆಂಬ ಸಂದೇಹವೂ ಇರುವುದರಿಂದ ಬರೆಯುತ್ತಿದ್ದೇವೆ.

2016ನೆಯ ಇಸವಿಯ ಮಾರ್ಚಿ. ಉಳಿತಾಯದ ರಶೀದಿಗಳನ್ನು ವಾರದೊಳಗೆ ಒಪ್ಪಿಸದಿದ್ದರೆ ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳಲಾಗುವುದೆಂದು ಕಚೇರಿಯಿಂದ ತಿಳಿವಳಿಕೆ ಬಂದಿತು. ಅಂದು ಸಂಜೆಯೇ ಪರಿಚಯದ ಏಜೆಂಟರೊಬ್ಬರು ಮನೆಗೆ ದಯಮಾಡಿಸಿದರು. 80ಸಿ ಕಲಮಿನಲ್ಲಿ ಒಂದೂವರೆ ಲಕ್ಷದವರೆಗೆ ವಿನಾಯಿತಿಯುಂಟು. ವರ್ಷಕ್ಕೆ 60,000 ರೂಪಾಯಿ ಕಂತಿನ ಜೀವವಿಮೆ ಮಾಡಿಸಿದರೆ ತೆರಿಗೆಯಲ್ಲಿ 12,360 ರೂಪಾಯಿ ಉಳಿಯುವುದು. ಇಪ್ಪತ್ತು ವರ್ಷವಾದ ಮೇಲೆ ಗಂಟೂ ಕೈಸೇರುವುದು ಎಂದರು. ಶೇಕಡಾ 20ರ ತೆರಿಗೆ, ಅದರ ಮೇಲೆ ಶೇಕಡಾ 3ರ ಸೆಸ್ಸು. ಗುಣಾಕಾರವೇನೋ ಸರಿಯಾಗಿಯೇ ಇದ್ದಿತು. ರುಜು ಹಾಕಿದೆವು.

ಏಜೆಂಟರು ಹೊರಟುಹೋದ ಬಳಿಕ ನಮ್ಮ ಮನೆಯವರು, “ಇಷ್ಟು ಹಣ ಕಟ್ಟುವುದರಲ್ಲಿ ಅತ್ತೆಯವರಿಗೊಂದು ಆರೋಗ್ಯವಿಮೆ ಮಾಡಿಸಬಾರದಿತ್ತೆ? ಅವರಿಗೆ ಅರವತ್ತನಾಲ್ಕು ತುಂಬಿತು” ಎಂದರು. “ಅದರಲ್ಲಿ ಕಟ್ಟಿದ ಹಣ ಹಿಂದಕ್ಕೆ ಬರುವುದಿಲ್ಲ” ಎಂದು ನಾವು ದೊಡ್ಡ ಅರ್ಥಶಾಸ್ತ್ರಜ್ಞರಂತೆ ಉತ್ತರ ಕೊಟ್ಟೆವು. ಅವರು ಕಾಫಿಯ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು.

2018ರ ನವೆಂಬರಿನಲ್ಲಿ ತಾಯಿಯವರಿಗೆ ಎದೆನೋವು ಕಾಣಿಸಿಕೊಂಡಿತು. ಹತ್ತು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ದೇವರ ದಯೆಯಿಂದ ಬದುಕಿ ಮನೆಗೆ ಬಂದರು. ಆದರೆ ಖರ್ಚು 1,40,000 ರೂಪಾಯಿ. ಮನೆಯವರು ಮಾತಿಲ್ಲದೆ ಕೈಯ ಬಳೆಗಳನ್ನು ತೆಗೆದುಕೊಟ್ಟರು. ಗಿರವಿ ಅಂಗಡಿಯಲ್ಲಿ ಕೊಟ್ಟ ನೋಟುಗಳನ್ನು ಹಾಗೆಯೇ ಒಯ್ದು ಆಸ್ಪತ್ರೆಯ ಕಿಟಕಿಯಲ್ಲಿ ಎಣಿಸಿದೆವು. ಬಳೆ ಬಿಡಿಸಿಕೊಳ್ಳುವ ಆತುರದಲ್ಲಿ ಜೀವವಿಮೆಯನ್ನು ನಡುವೆಯೇ ಬಿಟ್ಟುಕೊಡಲು, ಮೂರು ಕಂತುಗಳಲ್ಲಿ ಕಟ್ಟಿದ್ದ 1,80,000ಕ್ಕೆ ಕೈಗೆ ಬಂದದ್ದು 54,000.

ಪಕ್ಕದ ಮನೆಯ ರಾಯರು ಲೆಕ್ಕಪತ್ರ ಇಲಾಖೆಯಲ್ಲಿದ್ದು ನಿವೃತ್ತರಾದವರು. ತಾಯಿಯವರನ್ನು ನೋಡಲು ಬಂದವರು ನಮ್ಮ ಹಳೆಯ ಸಂಬಳದ ಚೀಟಿಗಳನ್ನು ತರಿಸಿಕೊಂಡು ಜಗಲಿಯಲ್ಲಿ ಕುಳಿತರು. “ಅಲ್ಲಯ್ಯಾ, 2016ರಲ್ಲಿ ಭವಿಷ್ಯನಿಧಿಗೆ ನಿನ್ನ ಸಂಬಳದಿಂದಲೇ 72,000 ಹೋಗಿದೆ. ಇಬ್ಬರು ಮಕ್ಕಳ ಬೋಧನಾ ಶುಲ್ಕ 48,000. ಇವೆರಡೂ ಅದೇ ಒಂದೂವರೆ ಲಕ್ಷದೊಳಗೆ ಸೇರತಕ್ಕವು. ಉಳಿದಿದ್ದದ್ದು 30,000ದ ಜಾಗ ಮಾತ್ರ. ಅರವತ್ತು ಸಾವಿರ ಯಾಕೆ ಕಟ್ಟಿದೆ?” ಎಂದರು. ಉಳಿದ ತೆರಿಗೆ 12,360 ಅಲ್ಲ, 6,180! ಶಾಲೆಗೆ ಕೊಟ್ಟ ವಂತಿಗೆ ಇದರಲ್ಲಿ ಸೇರದು, ಬೋಧನಾ ಶುಲ್ಕ ಸೇರುತ್ತದೆ ಎಂಬುದು ನಮಗೆ ಆ ದಿನವೇ ತಿಳಿದದ್ದು. ಇನ್ನು ತಾಯಿಯವರ ಆರೋಗ್ಯವಿಮೆಗೆ 80ಡಿ ಎಂಬ ಬೇರೆಯೇ ಕಲಮು. ಅರವತ್ತು ದಾಟಿದ ತಂದೆತಾಯಿಗಳಿಗಾಗಿ ಆ ವರ್ಷ 30,000ದವರೆಗೆ ಅವಕಾಶವಿದ್ದಿತು. ಮನೆಯವರ ಮಾತು ಕೇಳಿದ್ದರೆ ತೆರಿಗೆಯೂ ಉಳಿಯುತ್ತಿತ್ತು, ಬಳೆಯೂ ಉಳಿಯುತ್ತಿತ್ತು. ಅವರು ಬಾಗಿಲ ಬಳಿಯೇ ನಿಂತು ಕೇಳುತ್ತಿದ್ದರು. ನಾವು ಆ ಕಡೆ ನೋಡಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆರೋಗ್ಯವಿಮೆಯಿಲ್ಲದ ವೃದ್ಧ ತಂದೆತಾಯಿಗಳ ಚಿಕಿತ್ಸೆಯ ಖರ್ಚಿನಲ್ಲಿ 50,000ದವರೆಗೆ 2018-19ನೆಯ ಸಾಲಿನಿಂದ ಕಳೆಯಬಹುದಾಗಿದ್ದಿತು. ಸಂತೋಷದಿಂದ ಆಸ್ಪತ್ರೆಯ ಬಿಲ್ಲು ತಂದು ತೋರಿಸಿದೆವು. “ಹಣ ಹೇಗೆ ಕೊಟ್ಟೆ?” “ನಗದು.” ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ನಗದಾಗಿ ಕೊಟ್ಟ ಚಿಕಿತ್ಸೆಯ ಹಣ ಲೆಕ್ಕಕ್ಕಿಲ್ಲವಂತೆ. ಚೆಕ್ಕಿನಿಂದಲೋ ಕಾರ್ಡಿನಿಂದಲೋ ಕೊಟ್ಟಿದ್ದರೆ 10,400 ರೂಪಾಯಿ ಉಳಿಯುತ್ತಿತ್ತು.

ಆ ಮೇಲೆ ಕಾನೂನೇ ಬದಲಾಯಿತು. 2020ರಲ್ಲಿ ಹೊಸ ಪದ್ಧತಿಯೊಂದು ಬಂದಿತು. 2023-24ರಿಂದ, ನಾವು ಬೇಡವೆನ್ನದಿದ್ದರೆ ಅದೇ ಅನ್ವಯಿಸುವಂತಾಯಿತು. 2025-26ರ ಸಾಲಿಗೆ ಆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. ಸಂಬಳಗಾರರಿಗೆ 75,000ದ ನಿಗದಿ ಕಡಿತವೂ ಸೇರಿದರೆ ಸಂಬಳ ಹನ್ನೆರಡು ಮುಕ್ಕಾಲು ಲಕ್ಷವಿದ್ದರೂ ಸೊನ್ನೆ. ಆದರೆ 80ಸಿ, 80ಡಿ, ಮನೆಬಾಡಿಗೆಯ ವಿನಾಯಿತಿಗಳು ಅಲ್ಲಿಲ್ಲ. ದೊಡ್ಡ ಬಾಡಿಗೆಯೋ ಮನೆಸಾಲದ ಬಡ್ಡಿಯೋ ಇರುವ ಕೆಲವರಿಗೆ ಹಳೆಯದೇ ಲಾಭವಾಗಬಹುದು. ವ್ಯಾಪಾರದ ಆದಾಯವಿಲ್ಲದ ಸಂಬಳಗಾರನು ವರ್ಷವರ್ಷವೂ ಎರಡರಲ್ಲೊಂದನ್ನು ಆರಿಸಿಕೊಳ್ಳಬಹುದಾದ್ದರಿಂದ, ಏಪ್ರಿಲಿನಲ್ಲಿಯೇ ಎರಡು ಹಾಳೆಗಳಲ್ಲಿ ಎರಡು ಲೆಕ್ಕ ಹಾಕಿ ನೋಡುವುದು ನಮ್ಮಲ್ಲಿ ಈಗ ರೂಢಿ. ಮನೆಯವರು ಎದುರಿಗೆ ಕೂರುತ್ತಾರೆ. ಕೂಡುವುದು ಅವರ ಕೆಲಸ, ಓದಿ ಹೇಳುವುದು ನಮ್ಮದು.

2025ರ ಏಪ್ರಿಲಿನಲ್ಲಿ ನಮಗೆ ಹೊಸ ಪದ್ಧತಿಯೇ ಲಾಭವೆಂದು ಕಂಡಿತು. ತಾಯಿಯವರ ಆರೋಗ್ಯವಿಮೆಯ ಕಂತಿನ ಹೊತ್ತೂ ಅದೇ ಆಗಿದ್ದಿತು. “ಇನ್ನು ಇದಕ್ಕೆ ತೆರಿಗೆಯಲ್ಲಿ ಏನೂ ಸಿಕ್ಕುವುದಿಲ್ಲ” ಎಂದೆವು.

“ಸಿಕ್ಕದಿದ್ದರೆ ಬೇಡ. ಕಂತು ಇವತ್ತೇ ಕಟ್ಟಿಬಿಡಿ” ಎಂದು ಹೇಳಿ, ಅವರು ಅತ್ತೆಯವರ ರಾತ್ರಿಯ ಮಾತ್ರೆ ತರಲು ಎದ್ದರು.