ಪುಟದ ಚೌಕಟ್ಟಿನಲ್ಲೂ ಕನ್ನಡವಿರಲಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಜಾಲತಾಣವನ್ನು ಹೊಸದಾಗಿ ರೂಪಿಸಿಕೊಡುವ ಹೊಣೆ, ಹೆತ್ತವರ ಪೈಕಿ ಗಣಕಯಂತ್ರದ ಕೆಲಸ ಬಲ್ಲವನೆಂಬ ಕಾರಣದಿಂದ ನನ್ನ ಪಾಲಿಗೆ ಬಂದಿತ್ತು. ಹಳೆಯ ತಾಣದಲ್ಲಿ ಹತ್ತಾರು ಪುಟಗಳಿದ್ದವು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬರೆದಿಡಲಾಗಿತ್ತು. ಒಂದು ಪುಟದಲ್ಲಿ ಶಾಲೆಯ ಹೊಸ ದೂರವಾಣಿ ಸಂಖ್ಯೆ, ಇನ್ನೊಂದರಲ್ಲಿ ಹಳೆಯದು. ಕನ್ನಡದ ಸೂಚನೆಗಳಂತೂ ಅಕ್ಷರಗಳಾಗಿರದೆ ಕಾಗದದ ಛಾಯಾಚಿತ್ರಗಳಾಗಿದ್ದವು. ಅವುಗಳನ್ನು ಹುಡುಕಿ ತೆಗೆಯುವಂತಿರಲಿಲ್ಲ. ಸಣ್ಣ ಮೊಬೈಲಿನಲ್ಲಿ ಓದುವಂತೆಯೂ ಇರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದೆಂದು ತಿಳಿಯಬೇಕಾದ ತಾಯಿಗೆ ಇದು ಸಣ್ಣ ತೊಡಕಲ್ಲ.

ಜಾಲತಾಣವನ್ನು ಎರಡು ಭಾಗಗಳಾಗಿ ಕಾಣುವುದು ಇದಕ್ಕಿರುವ ಪರಿಹಾರ. ಶಾಲೆಯ ಹೆಸರು, ಲಾಂಛನ, ಪುಟಗಳ ಪಟ್ಟಿ, ಕೆಳಗಿನ ವಿಳಾಸ ಇವೆಲ್ಲ ಎಲ್ಲ ಪುಟಗಳಿಗೂ ಸಮಾನ. ಇವನ್ನು ಒಂದೇ ಕಡೆ ಬರೆದಿಟ್ಟರೆ ಅದೇ ಸಾಮಾನ್ಯ ಚೌಕಟ್ಟು. ಬದಲಾಗುವ ವಿಷಯಗಳು ಡೇಟಾಬೇಸಿನ ಕೋಷ್ಟಕಗಳಲ್ಲಿರುತ್ತವೆ. ದಾಖಲಾತಿ ಪುಸ್ತಕದಲ್ಲಿರುವಂತೆ ಅಲ್ಲಿಯೂ ಅಡ್ಡಸಾಲು, ಕಂಬಸಾಲುಗಳು. ಓದುಗರು ಒಂದು ಪುಟವನ್ನು ಕೇಳಿದಾಗ ಸರ್ವರ್ ಕೋಷ್ಟಕದಿಂದ ತಕ್ಕ ಸಾಲುಗಳನ್ನು ತೆಗೆದು ಚೌಕಟ್ಟಿನ ನಡುವಣ ತೆರವಿನಲ್ಲಿ ತುಂಬಿ ಕಳುಹಿಸುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ವೇಷಗಳು ಬಂದು ಹೋಗುತ್ತವೆ, ಹಿಮ್ಮೇಳ ಇದ್ದಲ್ಲೇ ಇರುತ್ತದೆ, ಇದೂ ಹಾಗೆಯೇ.

ಆದರೆ ಚೌಕಟ್ಟಿನಲ್ಲಿಯೇ ಬದಲಾಗುವ ವಿಷಯವೊಂದು ಬೇಕಾದಾಗ ಕೆಲಸ ಕಠಿಣವಾಗುತ್ತದೆ. ಇತ್ತೀಚಿನ ಐದು ಸೂಚನೆಗಳು ಪ್ರತಿ ಪುಟದ ಬದಿಯಲ್ಲೂ ಕಾಣಬೇಕೆಂಬುದು ನಮ್ಮ ಅಪೇಕ್ಷೆಯಾಗಿತ್ತು. ಅದಕ್ಕಾಗಿ ಪ್ರತಿ ಪುಟದಲ್ಲೂ ಡೇಟಾಬೇಸನ್ನು ಕೇಳುವ ಸಾಲುಗಳನ್ನು ಬರೆಯುತ್ತ ಹೋದರೆ ಹಳೆಯ ಪುನರಾವರ್ತನೆಯೇ ಮರಳಿ ಬರುತ್ತದೆ. ಆದುದರಿಂದ ಸೂಚನೆಗಳನ್ನು ತರುವುದಷ್ಟೇ ಕೆಲಸವಾಗಿರುವ ಪ್ರತ್ಯೇಕ ತುಣುಕೊಂದನ್ನು ಬರೆದು, ಚೌಕಟ್ಟು ಅದನ್ನು ಕರೆಯುವಂತೆ ಮಾಡಿದೆ. ಸೂಚನೆಗಳು ನಿಮಿಷಕ್ಕೊಮ್ಮೆ ಬದಲಾಗುವವಲ್ಲವಾದ್ದರಿಂದ, ಒಮ್ಮೆ ತಂದದ್ದನ್ನು ಸ್ವಲ್ಪ ಕಾಲ ನೆನಪಿನಲ್ಲಿಟ್ಟುಕೊಂಡು ಬಳಸುವ ಏರ್ಪಾಡನ್ನೂ ಸೇರಿಸಿದೆ. ಡೇಟಾಬೇಸ್ ಉತ್ತರಿಸದಿದ್ದರೆ ಆ ಬದಿಯಷ್ಟೇ ಖಾಲಿಯಾಗಬೇಕು, ಪುಟವೆಲ್ಲ ಬಿದ್ದುಹೋಗಬಾರದು.

ಪರೀಕ್ಷೆಗೆಂದು ನಮೂದಿಸಿದ ಮೊದಲ ಕನ್ನಡ ಸೂಚನೆ ತೆರೆಯ ಮೇಲೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂತು. ಹಿಂದಿನವರಿಂದ ಬಂದ ಕೋಷ್ಟಕ ಲ್ಯಾಟಿನ್ ಅಕ್ಷರಗಳಿಗೆಂದು ರಚಿತವಾದುದಾಗಿತ್ತು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ವಿಶ್ವದ ಎಲ್ಲ ಲಿಪಿಗಳನ್ನೂ ಒಳಗೊಳ್ಳುವ ಏರ್ಪಾಡನ್ನು ತಾನಾಗಿಯೇ ಆರಿಸಿಕೊಳ್ಳತೊಡಗಿದುದು 2018ರಲ್ಲಿ ಬಂದ 8.0 ಆವೃತ್ತಿಯಿಂದ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್ ಜಾಗ ಬೇಕು. ಕೋಷ್ಟಕ, ಅದರೊಡನೆ ಮಾತನಾಡುವ ಸಂಪರ್ಕ, ಕೊನೆಗೆ ಪುಟ ಈ ಮೂರೂ ಕಡೆ ಅದೇ ಕ್ರಮವಿರಬೇಕು. ಒಂದು ಕಡೆ ತಪ್ಪಿದರೂ ಅಕ್ಷರ ಕೆಡುತ್ತದೆ. ಪ್ರಶ್ನಾರ್ಥಕವಾಗಿಯೇ ಕೋಷ್ಟಕದಲ್ಲಿ ಉಳಿದ ಅಕ್ಷರವನ್ನು ಮತ್ತೆ ಪಡೆಯುವ ದಾರಿಯಿಲ್ಲ. ಮೂಲ ಬರಹವನ್ನು ಪುನಃ ನಮೂದಿಸಬೇಕು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳನ್ನೂ ಮೊದಲು ಯೂನಿಕೋಡಿಗೆ ಪರಿವರ್ತಿಸಿಯೇ ತುಂಬಬೇಕಾಯಿತು.

ತಾಂತ್ರಿಕ ತೊಡಕು ಹೀಗೆ ಪರಿಹಾರವಾಯಿತು. ಉಳಿದದ್ದು ಭಾಷೆಯ ಪ್ರಶ್ನೆ. "ಮೇಲಿನ ಪಟ್ಟಿ ಇಂಗ್ಲಿಷಿನಲ್ಲೇ ಇರಲಿ, ಒಳಗೆ ಕನ್ನಡ ಉಂಟಲ್ಲ" ಎಂದರು ಸಮಿತಿಯ ಹಿರಿಯರೊಬ್ಬರು. "ಒಳಗಿನದು ಇವತ್ತು ಇರುತ್ತದೆ, ನಾಳೆ ಬದಲಾಗುತ್ತದೆ. ಎಲ್ಲ ಪುಟದಲ್ಲೂ ನಿಲ್ಲುವುದು ಚೌಕಟ್ಟು. ಅಲ್ಲಿ ಕನ್ನಡ ಇಲ್ಲದಿದ್ದರೆ ಒಳಗಿನ ಕನ್ನಡದ ಬಳಿಗೆ ಮನೆಯವರು ಹೋಗುವುದು ಹೇಗೆ, ಮಾಷ್ಟ್ರೇ?" ಎಂದೆ. ಅವರು ಒಪ್ಪಿದರು. ಚೌಕಟ್ಟಿನ ಮಾತುಗಳನ್ನೂ ಕೋಷ್ಟಕಕ್ಕೇ ಸೇರಿಸಿ ಕನ್ನಡ, ಮಲಯಾಳಗಳಿಗೆ ಒಂದೊಂದು ಕಂಬಸಾಲು ಇರಿಸಿದೆವು. ಪುಟದ ಭಾಷೆ ಕನ್ನಡವೆಂಬ ಸಂಕೇತವನ್ನೂ ಚೌಕಟ್ಟಿನಲ್ಲಿ ಬರೆದೆವು. ಕಣ್ಣು ಕಾಣದವರಿಗೆ ಪುಟವನ್ನು ಓದಿಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯಲ್ಲಿ ಉಚ್ಚರಿಸಬೇಕೆಂದು ತಿಳಿಯುವುದು ಅದರಿಂದಲೇ.

ಕನ್ನಡದ ಕಂಬಸಾಲು ಖಾಲಿಯಿದ್ದಾಗ ಏನು ಕಾಣಿಸಬೇಕು? ಸದ್ದಿಲ್ಲದೆ ಮಲಯಾಳದ ಸೂಚನೆಯನ್ನೇ ತೋರಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಕೊರತೆಯೇ ಕಣ್ಣಿಗೆ ಬೀಳದು. ಆದಕಾರಣ ಮಲಯಾಳದ ಸೂಚನೆಯ ಮೇಲೆ "ಇದರ ಕನ್ನಡ ರೂಪ ಇನ್ನೂ ಬಂದಿಲ್ಲ" ಎಂಬ ಸಾಲು ಕಾಣುವಂತೆ ಮಾಡಿದೆವು. ಖಾಲಿ ಉಳಿದವುಗಳ ಪಟ್ಟಿಯನ್ನು ಕೋಷ್ಟಕವೇ ಕೊಡುತ್ತದೆ; ಅನುವಾದಕ್ಕೆ ಯಾರಾದರೂ ಕುಳಿತುಕೊಳ್ಳಲು ಅದೇ ಪ್ರೇರಣೆ.

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿ ಸೇರಿತು; ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆಂದು ಅದು ಹೇಳುತ್ತದೆ. ವಿಧಿ ಪುಸ್ತಕದಲ್ಲಿದೆ, ದಿನನಿತ್ಯದ ಸೂಚನೆ ಕನ್ನಡದಲ್ಲಿ ಮನೆಗೆ ತಲುಪಿಸುವ ಕೆಲಸ ನಮ್ಮದು. ತಮ್ಮ ಮಕ್ಕಳ ಶಾಲೆಗೆ ಜಾಲತಾಣವಿದ್ದರೆ ಹೆತ್ತವರು ಒಮ್ಮೆ ತೆರೆದು ನೋಡಬೇಕು. ಶಾಲೆಯ ಹೆಸರು, ಮೇಲಿನ ಪಟ್ಟಿ ಕನ್ನಡದಲ್ಲಿವೆಯೇ? ಸೂಚನೆ ಚಿತ್ರವಾಗಿದೆಯೇ, ಅಕ್ಷರವಾಗಿದೆಯೇ? ಇಲ್ಲವೆಂದಾದರೆ ಮುಂದಿನ ಹೆತ್ತವರ ಸಭೆಯಲ್ಲಿ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.